ಡಾಕ್ಟರ್ ಓದಿಗೂ ಮುಂಚಿನ ಓದು

ದಾವಣಗೆರೆಯಲ್ಲಿ ಭಾನುವಾರ ರಾತ್ರಿ ಊಟ ಮುಗಿಸಿ ಅಜ್ಜ ಫೋನು ಹಚ್ಚಿದರೆ, ಟೆಕ್ಸಸ್ಸಿನ ಪ್ಲೇನೋ ಊರಿನಲ್ಲಿ ಆಗಷ್ಟೇ ಬೆಳಗಿನ ಕಾಫಿಯ ಹೊತ್ತು. ಮಳೆ ಬಂತೇ, ಕಾರು ರಿಪೇರಿ ಆಯಿತೇ ಎಂಬ ಮಾತುಗಳೆಲ್ಲ ಎರಡು ನಿಮಿಷದಲ್ಲಿ ಮುಗಿಯುತ್ತವೆ. ಆಮೇಲೆ ಮೊಮ್ಮಗಳನ್ನು ಕರೆಸಿ ಕೇಳುವುದು ಒಂದೇ ಪ್ರಶ್ನೆ: ‘ಡಾಕ್ಟರ್ ಸೀಟು ಸಿಕ್ತೇನವ್ವಾ?’

2023ರ ಏಪ್ರಿಲ್ ತಿಂಗಳ ಕೊನೆಯ ಭಾನುವಾರವೂ ಅಜ್ಜ ಹಾಗೇ ಕೇಳಿದರು. ಹುಡುಗಿ, ‘ಇಲ್ಲ ಅಜ್ಜ, ಈಗ ಕಾಲೇಜು ಆರಿಸಬೇಕು. ಅದು ನಾಲ್ಕು ವರ್ಷ. ಆಮೇಲೆ ಮೆಡಿಕಲ್ಲಿಗೆ ಅರ್ಜಿ ಹಾಕಬೇಕು’ ಎಂದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಅಜ್ಜನ ಮನೆಯಿಂದ ಜೆಜೆಎಂ ಮೆಡಿಕಲ್ ಕಾಲೇಜು ಬಹಳ ದೂರವಿಲ್ಲ. 1965ರಲ್ಲಿ ಶುರುವಾದ ಆ ಕಾಲೇಜಿಗೆ ಪಿಯುಸಿ ಮುಗಿಸಿದ ಮಕ್ಕಳು ಹದಿನೆಂಟಕ್ಕೆ ಬಿಳಿ ಕೋಟು ತೊಟ್ಟು ಹೋಗುವುದನ್ನು ಅವರು ಅರ್ಧ ಶತಮಾನದಿಂದ ನೋಡುತ್ತಿದ್ದಾರೆ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಹೌಸ್‌ಮನ್‌ಶಿಪ್, ಮನೆ ಮುಂದೆ ಬೋರ್ಡು. ಅಷ್ಟು ದೊಡ್ಡ ದೇಶದಲ್ಲಿ ಡಾಕ್ಟರ್ ಓದಲು ಮೊದಲು ಬೇರೆ ಏನನ್ನೋ ನಾಲ್ಕು ವರ್ಷ ಓದಬೇಕೆಂದರೆ ಅವರಿಗೆ ಹೇಗೆ ಅರ್ಥವಾಗಬೇಕು? ‘ಆ ನಾಲ್ಕು ವರ್ಷ ಏನು ಓದ್ತೀಯ ಹಾಗಾದ್ರೆ?’ ಎಂದರು. ‘ಏನು ಬೇಕಾದರೂ’ ಎಂದಳು ಹುಡುಗಿ. ಆ ಉತ್ತರ ಅವರನ್ನು ಇನ್ನಷ್ಟು ಗಾಬರಿಗೊಳಿಸಿತು.

ಹುಡುಗಿ ಹೇಳಿದ್ದು ನಿಜವೇ. ಅಮೆರಿಕದಲ್ಲಿ ಮೆಡಿಕಲ್ ಓದು ಪದವಿಯ ನಂತರದ್ದು. ಈ ಪದ್ಧತಿಗೂ ಒಂದು ಕಥೆಯಿದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಹೈಸ್ಕೂಲು ಮುಗಿಸದವರೂ ಫೀಸು ಕಟ್ಟಿ, ಒಂದೆರಡು ವರ್ಷ ಉಪನ್ಯಾಸ ಕೇಳಿ ಡಾಕ್ಟರಾಗಬಹುದಾಗಿತ್ತು. 1893ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಮೆಡಿಕಲ್ ಶಾಲೆ ತೆರೆಯಲು ಹಣ ಸಾಲದೆ ಹೋದಾಗ ಮೇರಿ ಎಲಿಜಬೆತ್ ಗ್ಯಾರೆಟ್ ಎಂಬ ಶ್ರೀಮಂತ ಮಹಿಳೆ ದುಡ್ಡು ಕೊಟ್ಟರು. ಕೊಡುವಾಗ ಷರತ್ತುಗಳನ್ನೂ ಹಾಕಿದರು: ಹೆಂಗಸರನ್ನು ಗಂಡಸರ ಸಮಾನವಾಗಿ ಸೇರಿಸಿಕೊಳ್ಳಬೇಕು, ಸೇರುವವರು ಪದವೀಧರರಾಗಿರಬೇಕು. 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬಾತ ಅಮೆರಿಕ ಮತ್ತು ಕೆನಡಾದ 155 ಮೆಡಿಕಲ್ ಶಾಲೆಗಳನ್ನು ಸುತ್ತಿ ಬಂದು ಬರೆದ ವರದಿ ಉಳಿದದ್ದನ್ನು ಮಾಡಿತು. ಆತ ಡಾಕ್ಟರಲ್ಲ, ಮೇಷ್ಟ್ರು. ಪ್ರಯೋಗಾಲಯವೂ ಇಲ್ಲದ ಅಂಗಡಿಗಳಂಥ ಶಾಲೆಗಳು ಆಮೇಲೆ ಒಂದೊಂದಾಗಿ ಬಾಗಿಲು ಹಾಕಿದವು. ಕಪ್ಪು ಜನರಿಗಿದ್ದ ಏಳು ಶಾಲೆಗಳಲ್ಲಿ ಐದು ಅದೇ ಗಾಳಿಯಲ್ಲಿ ಮುಚ್ಚಿಹೋದವು ಎಂಬುದನ್ನೂ ಮರೆಯಬಾರದು.

ಅಂತೂ ಇವತ್ತು ಅಲ್ಲಿ ‘ಪ್ರಿ-ಮೆಡ್’ ಎಂದರೆ ಒಂದು ಡಿಗ್ರಿಯ ಹೆಸರಲ್ಲ, ಒಂದು ಉದ್ದೇಶದ ಹೆಸರು. ಹೆಚ್ಚಿನ ಮೆಡಿಕಲ್ ಶಾಲೆಗಳು ಕೇಳುವುದು ಕೆಲವು ಕೋರ್ಸುಗಳನ್ನು ಮಾತ್ರ: ಪ್ರಯೋಗಾಲಯದ ಸಮೇತ ಜೀವಶಾಸ್ತ್ರ, ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರ, ಬಯೋಕೆಮಿಸ್ಟ್ರಿ, ಸ್ವಲ್ಪ ಇಂಗ್ಲಿಷು, ಸ್ವಲ್ಪ ಸಂಖ್ಯಾಶಾಸ್ತ್ರ. ಇವನ್ನು ಓದಿಕೊಂಡು ಇತಿಹಾಸದಲ್ಲಿ ಪದವಿ ಪಡೆಯಬಹುದು, ಸಂಗೀತದಲ್ಲೂ ಪಡೆಯಬಹುದು. ನ್ಯೂಯಾರ್ಕಿನ ಮೌಂಟ್ ಸಿನಾಯ್ ಮೆಡಿಕಲ್ ಶಾಲೆ 1987ರಿಂದ ಸಾಹಿತ್ಯ, ತತ್ವಶಾಸ್ತ್ರ ಓದುವವರನ್ನು ಹುಡುಕಿ ಸೇರಿಸಿಕೊಳ್ಳುವ ಒಂದು ದಾರಿಯನ್ನೇ ಮಾಡಿತು. ಕೊನೆಗೆ ತೂಕಕ್ಕೆ ಬರುವುದು ನಾಲ್ಕು ವರ್ಷದ ಅಂಕಗಳ ಸರಾಸರಿ, ಎಂಕ್ಯಾಟ್ ಎಂಬ ಏಳೂವರೆ ಗಂಟೆಯ ಪರೀಕ್ಷೆ, ಆಸ್ಪತ್ರೆಯಲ್ಲಿ ಕಳೆದ ಹೊತ್ತು, ಗುರುಗಳ ಪತ್ರ, ಸಂದರ್ಶನ. 2023ರ ಸಾಲಿನಲ್ಲಿ ಎಂ.ಡಿ. ಶಾಲೆಗಳಿಗೆ ಅರ್ಜಿ ಹಾಕಿದವರು ಸುಮಾರು 52 ಸಾವಿರದ 500, ಸೇರಿದವರು ಸುಮಾರು 23 ಸಾವಿರ. ಸೇರಿದವರ ಅಂಕಗಳ ಸರಾಸರಿ ನಾಲ್ಕಕ್ಕೆ 3.8ರ ಹತ್ತಿರ, ಎಂಕ್ಯಾಟಿನಲ್ಲಿ 528ಕ್ಕೆ 512ರ ಹತ್ತಿರ.

ಪ್ಲೇನೋದ ಆ ಮನೆಯ ಊಟದ ಮೇಜಿನ ಮೇಲೆ ಆ ಭಾನುವಾರ ಮೂರು ಕಾಲೇಜುಗಳ ಕಾಗದಗಳಿದ್ದವು. ಮೇ 1ರೊಳಗೆ ಒಂದಕ್ಕೆ ಹೂಂ ಎನ್ನಬೇಕು.

ಮೊದಲನೆಯದು ಪೂರ್ವ ಕರಾವಳಿಯ ಖಾಸಗಿ ವಿಶ್ವವಿದ್ಯಾಲಯ. ಹೆಸರು ಹೇಳಿದರೆ ದಾವಣಗೆರೆಯಲ್ಲೂ ಗೊತ್ತು. ಹಾಸ್ಟೆಲು ಊಟ ಸೇರಿ ವರ್ಷಕ್ಕೆ 80 ಸಾವಿರ ಡಾಲರು ದಾಟುತ್ತದೆ. ಎರಡನೆಯದು ಪೆನ್ಸಿಲ್ವೇನಿಯದ ಒಂದು ಸಣ್ಣ ಊರಿನ ಸಣ್ಣ ಕಾಲೇಜು. ಒಟ್ಟು ಎರಡು ಸಾವಿರ ವಿದ್ಯಾರ್ಥಿಗಳು. ಮರಗಳು, ಕಲ್ಲಿನ ಕಟ್ಟಡ, ಇಪ್ಪತ್ತು ಮಕ್ಕಳ ತರಗತಿ. ಅರ್ಧದಷ್ಟು ಫೀಸು ಮಾಫಿ. ಮೂರನೆಯದು ಮನೆಯಿಂದ ಇಪ್ಪತ್ತು ನಿಮಿಷದ ದಾರಿಯ ಸರ್ಕಾರಿ ವಿಶ್ವವಿದ್ಯಾಲಯ. ಫೀಸು ಪೂರ್ತಿ ಮಾಫಿ, ಮೇಲೆ ಪುಸ್ತಕದ ದುಡ್ಡು. ಆದರೆ ಹೆಸರು ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ.

ಟೆಕ್ಸಸ್ಸಿನಲ್ಲಿ 1997ರ ಒಂದು ಕಾನೂನಿನಿಂದಾಗಿ ಹೈಸ್ಕೂಲಿನ ಮೇಲಿನ ನೂರಕ್ಕೆ ಹತ್ತು ಮಕ್ಕಳಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಾತ್ರಿ. ಆಸ್ಟಿನ್ನಿನ ದೊಡ್ಡ ವಿಶ್ವವಿದ್ಯಾಲಯ ಮಾತ್ರ ಆಗ ಮೇಲಿನ ಆರರಷ್ಟು ಮಂದಿಗೆ ಖಾತ್ರಿ ಕೊಡುತ್ತಿತ್ತು. ಈ ಹುಡುಗಿ ಎಂಟರಲ್ಲಿದ್ದಳು. ಭಾರತೀಯ, ಚೀನೀ ಮನೆಗಳ ಮಕ್ಕಳೇ ತುಂಬಿದ ಆ ಶಾಲೆಯಲ್ಲಿ ಎಂಟು ಎಂದರೆ ಏನೆಂದು ಅಲ್ಲಿನ ತಾಯಂದಿರಿಗೆ ಗೊತ್ತು.

ಅಪ್ಪನ ಮನಸ್ಸು ಮೊದಲನೆಯ ಕಡೆಗೆ. ಅದಕ್ಕೆ ಅವರದೇ ಕಾರಣವಿತ್ತು. 1996ರ ಸಿಇಟಿಯಲ್ಲಿ ಅವರಿಗೆ ಮೆಡಿಕಲ್ ಸೀಟು ಸ್ವಲ್ಪದರಲ್ಲಿ ತಪ್ಪಿ ಎಂಜಿನಿಯರಿಂಗ್ ಸಿಕ್ಕಿತು. ಆಮೇಲೆ ಕಂಪ್ಯೂಟರು, ಬೆಂಗಳೂರು, 2010ರಲ್ಲಿ ಐದು ವರ್ಷದ ಮಗಳೊಂದಿಗೆ ಅಮೆರಿಕ. ಬದುಕು ಕೆಟ್ಟದ್ದೇನೂ ಆಗಲಿಲ್ಲ. ಆದರೆ ತಪ್ಪಿದ ಸೀಟು ಇಂಥ ಮನೆಗಳಲ್ಲಿ ಹಳೆಯ ಸಾಲದ ಹಾಗೆ ಉಳಿದುಕೊಂಡಿರುತ್ತದೆ. ಅಜ್ಜ ಅಸಲು ಕೇಳುತ್ತಾರೆ, ಅಪ್ಪ ಬಡ್ಡಿ ಕಟ್ಟುತ್ತಿರುತ್ತಾರೆ. ಮಗಳು ದೊಡ್ಡ ಹೆಸರಿನ ಕಡೆ ಹೋದರೆ ಬಾಗಿಲು ತಾನಾಗಿ ತೆರೆಯುತ್ತದೆಂದು ಅವರು ನಂಬಿದ್ದರು.

ಕನ್ನಡ ಸಂಘದ ಯುಗಾದಿ ಊಟದಲ್ಲೂ ಇದೇ ಮಾತು. ಯಾರೋ ಒಬ್ಬರು ವಿವೇಕ ಮೂರ್ತಿಯವರ ಹೆಸರು ತೆಗೆದರು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆಯವರು, ಎರಡು ಬಾರಿ ಅಮೆರಿಕದ ಸರ್ಜನ್ ಜನರಲ್ ಆದವರು. ‘ನೋಡಿ, ಹಾರ್ವರ್ಡ್, ಆಮೇಲೆ ಯೇಲ್. ದಾರಿ ಅದೇ’ ಎಂದರು ಒಬ್ಬರು. ಹೌದು, ಅವರು 1997ರಲ್ಲಿ ಹಾರ್ವರ್ಡಿನಲ್ಲಿ ಪದವಿ, 2003ರಲ್ಲಿ ಯೇಲಿನಲ್ಲಿ ಎಂ.ಡಿ. ಪಡೆದರು. ಆದರೆ ಅವರ ತಂದೆ ಡಾಕ್ಟರಾಗಿದ್ದರು, ಮಯಾಮಿಯಲ್ಲಿ ತಂದೆ ತಾಯಿ ಇಬ್ಬರೂ ಸೇರಿ ಕ್ಲಿನಿಕ್ ನಡೆಸುತ್ತಿದ್ದರು, ಹುಡುಗ ಬೆಳೆದದ್ದು ರೋಗಿಗಳನ್ನು ನೋಡುತ್ತಲೇ ಎಂಬುದನ್ನು ಆ ಊಟದ ಸಾಲಿನಲ್ಲಿ ಯಾರೂ ಹೇಳಲಿಲ್ಲ. ಕಾಲೇಜಿನ ಹೆಸರು ನೆನಪಿರುತ್ತದೆ, ಕ್ಲಿನಿಕ್ಕಿನ ಬೆಂಚು ನೆನಪಿರುವುದಿಲ್ಲ.

ಅಮ್ಮ ಶಿವಮೊಗ್ಗದಲ್ಲಿ ಹೈಸ್ಕೂಲು ಟೀಚರಾಗಿದ್ದವರು. ಅಮೆರಿಕಕ್ಕೆ ಬಂದ ಮೇಲೆ ವೀಸಾದ ಕಾರಣ ಬಹಳ ವರ್ಷ ಕೆಲಸವಿಲ್ಲದೆ ಕೂತವರು. ಮಗಳ ಕಾಲೇಜಿನ ವಿಷಯಕ್ಕೆ ಅವರು ಪಾಠದ ಟಿಪ್ಪಣಿಯ ಹಾಗೆ ಒಂದು ನೋಟುಬುಕ್ಕು ಇಟ್ಟಿದ್ದರು. ಮಾರ್ಚಿನಲ್ಲಿ ಮೂರು ಕಾಲೇಜುಗಳನ್ನೂ ನೋಡಿ ಬಂದಾಗ ಆ ಪುಸ್ತಕ ಕೈಯಲ್ಲಿತ್ತು.

ಪೆನ್ಸಿಲ್ವೇನಿಯದ ಸಣ್ಣ ಕಾಲೇಜಿನಲ್ಲಿ ಸುತ್ತಾಡಿಸಿದ ಹಿರಿಯರು, ‘ನಮ್ಮಿಂದ ಮೆಡಿಕಲ್ಲಿಗೆ ಅರ್ಜಿ ಹಾಕಿದವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಸೀಟು ಸಿಗುತ್ತದೆ’ ಎಂದರು. ಇಡೀ ದೇಶದಲ್ಲಿ ಅರ್ಧಕ್ಕಿಂತ ಕಡಿಮೆ ಇರುವಾಗ ಇಲ್ಲಿ ತೊಂಬತ್ತು! ಅಪ್ಪನ ಮುಖ ಅರಳಿತು. ಆದರೆ ಎಷ್ಟಾದರೂ ಎಂಜಿನಿಯರು. ಶೇಕಡಾ ಕಂಡರೆ ಕೆಳಗಿನ ಅಂಕಿ ಯಾವುದು ಎಂದು ಕೇಳುವ ಚಾಳಿ. ‘ಮೊದಲ ವರ್ಷದಲ್ಲಿ ಡಾಕ್ಟರಾಗಬೇಕೆಂದು ಬಂದವರು ಎಷ್ಟು ಜನ? ಅವರಲ್ಲಿ ಅರ್ಜಿ ಹಾಕುವ ತನಕ ಉಳಿದವರು ಎಷ್ಟು?’ ಎಂದರು. ಹಿರಿಯರು ನಕ್ಕು, ಅದರ ಲೆಕ್ಕ ಇಟ್ಟಿಲ್ಲವೆಂದರು.

ಪೋಷಕರು ತಿಳಿದಿರಬೇಕಾದ ಗುಟ್ಟು ಇಲ್ಲೇ ಇದೆ. ಅಮೆರಿಕದ ಕೆಲವು ಕಾಲೇಜುಗಳಲ್ಲಿ ಮೆಡಿಕಲ್ಲಿಗೆ ಅರ್ಜಿ ಹಾಕುವವರ ಬಗ್ಗೆ ಒಂದು ಸಮಿತಿ ಕೂತು ಪತ್ರ ಬರೆಯುತ್ತದೆ. ಅದಕ್ಕೆ ಕಮಿಟಿ ಲೆಟರ್ ಎನ್ನುತ್ತಾರೆ. ಒಳ್ಳೆಯ ಸಮಿತಿಯಿದ್ದರೆ ಅದು ದೊಡ್ಡ ಆಸರೆ. ಹುಡುಗನನ್ನು ನಾಲ್ಕು ವರ್ಷ ನೋಡಿದವರು ಅವನ ಬಗ್ಗೆ ವಿವರವಾಗಿ ಬರೆಯುತ್ತಾರೆ. ಆದರೆ ಅಂಕ ಕಡಿಮೆಯಿರುವವರಿಗೆ ಪತ್ರ ಕೊಡದಿರುವ, ಅಥವಾ ‘ನೀನು ಈ ವರ್ಷ ಹಾಕಬೇಡ’ ಎಂದು ಒತ್ತಿ ಹೇಳುವ ಸಮಿತಿಗಳೂ ಇವೆ. ಸಮಿತಿಯಿರುವ ಕಾಲೇಜಿನಿಂದ ಸಮಿತಿಯ ಪತ್ರವಿಲ್ಲದೆ ಅರ್ಜಿ ಹೋದರೆ ಮೆಡಿಕಲ್ ಶಾಲೆಯವರು ಏಕೆಂದು ಕೇಳುತ್ತಾರೆ. ಹೀಗೆ ಸೋಲಬಹುದಾದವರನ್ನು ಬಾಗಿಲಲ್ಲೇ ನಿಲ್ಲಿಸಿದರೆ ಒಳಗೆ ಹೋದವರ ಶೇಕಡಾ ತಾನಾಗಿ ಏರುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ನೂರಕ್ಕೆ ನೂರು ಫಲಿತಾಂಶ ಬರಲೆಂದು ದಡ್ಡ ಹುಡುಗರಿಗೆ ಒಂಬತ್ತರಲ್ಲೇ ಟಿ.ಸಿ. ಕೊಡುವ ಶಾಲೆಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಮ್ಮ ನೋಟುಬುಕ್ಕಿನಲ್ಲಿ ‘90’ ಎಂದು ಬರೆದು ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಆ ಕಾಲೇಜಿನ ಇನ್ನೊಂದು ಸಂಗತಿ ಮಗಳೇ ಗಮನಿಸಿದಳು. ಹತ್ತಿರದ ದೊಡ್ಡ ಆಸ್ಪತ್ರೆಗೆ ಕಾರಿನಲ್ಲಿ ಐವತ್ತು ನಿಮಿಷ. ಅವಳ ಬಳಿ ಕಾರಿಲ್ಲ. ಆಸ್ಪತ್ರೆಯಲ್ಲಿ ಸ್ವಯಂಸೇವೆ ಮಾಡಿದ, ಡಾಕ್ಟರ ಹಿಂದೆ ಓಡಾಡಿ ನೋಡಿದ ಅನುಭವವಿಲ್ಲದವರ ಅರ್ಜಿಯನ್ನು ಮೆಡಿಕಲ್ ಶಾಲೆಗಳು ನಂಬುವುದಿಲ್ಲ. ಕಲ್ಲಿನ ಕಟ್ಟಡ ಎಷ್ಟು ಚೆನ್ನಾಗಿದ್ದರೂ ವಾರಕ್ಕೊಮ್ಮೆ ಆಸ್ಪತ್ರೆಗೆ ಯಾರು ಬಿಡುತ್ತಾರೆ?

ದೊಡ್ಡ ಹೆಸರಿನ ವಿಶ್ವವಿದ್ಯಾಲಯದ ಪಕ್ಕದಲ್ಲೇ ಆಸ್ಪತ್ರೆ, ಸಂಶೋಧನಾಲಯ ಎಲ್ಲ ಇದ್ದವು. ಆದರೆ ಆರ್ಗ್ಯಾನಿಕ್ ಕೆಮಿಸ್ಟ್ರಿಯ ತರಗತಿ ಸಿನಿಮಾ ಥಿಯೇಟರಿನಷ್ಟು ದೊಡ್ಡದು. ಈ ಒಂದು ವಿಷಯ ಅಮೆರಿಕದಲ್ಲಿ ಎಷ್ಟೋ ಡಾಕ್ಟರ ಕನಸುಗಳ ಸ್ಮಶಾನ. ಅಂಕವನ್ನು ಸಹಪಾಠಿಗಳಿಗೆ ಹೋಲಿಸಿ ಕೊಡುವ ಕಡೆ, ಸುತ್ತ ಕೂತವರೆಲ್ಲ ದೇಶದ ಅತಿ ಬುದ್ಧಿವಂತರಾದರೆ, ಒಳ್ಳೆಯ ಹುಡುಗಿಯೂ ‘ಬಿ’ಗೆ ಇಳಿಯುತ್ತಾಳೆ. ದೊಡ್ಡ ಕಾಲೇಜಿನ ‘ಬಿ’ ಸಣ್ಣ ಕಾಲೇಜಿನ ‘ಎ’ಗೆ ಸಮವೆಂದು ಮೆಡಿಕಲ್ ಶಾಲೆ ರಿಯಾಯಿತಿ ಕೊಡುತ್ತದೆಂಬುದು ಅರೆನಿಜ, ಕೆಲವು ಕಡೆ ಸ್ವಲ್ಪ ಕೊಡಬಹುದು, ಆದರೆ ಅರ್ಜಿಗಳನ್ನು ಮೊದಲು ಜಾಲಾಡಿಸುವ ಹೊತ್ತಿನಲ್ಲಿ ಅಂಕಿ ಅಂಕಿಯೇ. 2022ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದ ತರಗತಿಯ 350 ಮಂದಿಯಲ್ಲಿ 82 ಮಂದಿ ಪಾಠ, ಅಂಕಗಳ ಮೇಲೆ ದೂರು ಬರೆದರು. ಪಠ್ಯಪುಸ್ತಕವನ್ನೇ ಬರೆದಿದ್ದ ಹಿರಿಯ ಪ್ರಾಧ್ಯಾಪಕರ ಕರಾರು ಮುಂದುವರಿಯಲಿಲ್ಲ. ತಪ್ಪು ಯಾರದು ಎಂದು ಅಮೆರಿಕದ ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಜಗಳ ನಡೆಯಿತು. ಒಂದು ವಿಷಯದ ಒಂದು ಅಂಕಕ್ಕೆ ಅಲ್ಲಿನ ಮಕ್ಕಳು ಎಷ್ಟು ಹೆದರುತ್ತಾರೆಂಬುದು ಮಾತ್ರ ಜಗಳವಿಲ್ಲದೆ ಗೊತ್ತಾಯಿತು.

ಅಮ್ಮ ಎಲ್ಲೋ ಓದಿ ತಿಳಿದಿದ್ದ ಇನ್ನೊಂದು ಕಾಲೇಜಿನ ಕಥೆಯೂ ನೋಟುಬುಕ್ಕಿನಲ್ಲಿತ್ತು. ನ್ಯೂ ಆರ್ಲಿಯನ್ಸಿನ ಝೇವಿಯರ್ ವಿಶ್ವವಿದ್ಯಾಲಯ. ಕಪ್ಪು ಜನರ ಮಕ್ಕಳಿಗೆಂದು 1925ರಲ್ಲಿ ಕ್ಯಾಥರೀನ್ ಡ್ರೆಕ್ಸೆಲ್ ಎಂಬ ಕ್ರೈಸ್ತ ಸನ್ಯಾಸಿನಿ ಬೆಳೆಸಿದ ಕಾಲೇಜು. ಶ್ರೀಮಂತವಲ್ಲ, ಮೂರು ಸಾವಿರ ಚಿಲ್ಲರೆ ವಿದ್ಯಾರ್ಥಿಗಳು. ಆದರೂ ಮೆಡಿಕಲ್ ಶಾಲೆಗಳಿಗೆ ಕಪ್ಪು ವಿದ್ಯಾರ್ಥಿಗಳನ್ನು ಕಳಿಸುವುದರಲ್ಲಿ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳನ್ನು ಹಿಂದೆ ಹಾಕಿದ ಹೆಸರು ಅದರದು. ಅಲ್ಲಿ ಮಾಡುವುದು ಮಂತ್ರವಲ್ಲ. ಕಾಲೇಜು ಶುರುವಾಗುವ ಮೊದಲೇ ಬೇಸಿಗೆಯಲ್ಲಿ ಪಾಠ, ವಾರ ವಾರ ಸಣ್ಣ ಪರೀಕ್ಷೆ, ಹಿಂದೆ ಬಿದ್ದವರನ್ನು ಹುಡುಕಿ ಕರೆದು ಕೂರಿಸುವುದು, ಮೇಲಿನ ತರಗತಿಯವರು ಕೆಳಗಿನವರಿಗೆ ಹೇಳಿಕೊಡುವುದು. ನಮ್ಮ ಹಳೇ ಕಾಲದ ಒಳ್ಳೆಯ ಹೈಸ್ಕೂಲು ಮೇಷ್ಟ್ರು ಮಾಡುತ್ತಿದ್ದುದೇ. ಮಗಳು ಅಲ್ಲಿಗೆ ಅರ್ಜಿ ಹಾಕಿರಲಿಲ್ಲ. ಆದರೆ ಅಮ್ಮ ಅಲ್ಲಿಂದ ಒಂದು ಪ್ರಶ್ನೆ ಎತ್ತಿಕೊಂಡು ಮೂರೂ ಕಡೆ ಕೇಳಿದರು: ‘ಮೊದಲ ಪರೀಕ್ಷೆಯಲ್ಲಿ ಐವತ್ತು ತೆಗೆದುಕೊಂಡ ಹುಡುಗಿಗೆ ಇಲ್ಲಿ ಮಾರನೇ ದಿನ ಏನಾಗುತ್ತದೆ?’ ಒಂದು ಕಡೆ ಸಲಹಾ ಕೇಂದ್ರದ ಕರಪತ್ರ ಕೊಟ್ಟರು. ಇನ್ನೊಂದು ಕಡೆ, ‘ನಮ್ಮಲ್ಲಿ ಹಾಗಾಗುವುದು ಅಪರೂಪ’ ಎಂದರು. ಮನೆ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ದಾರಿ ತೋರಿಸುತ್ತಿದ್ದ ಹುಡುಗ ತಾನೇ ನಿಂತು, ‘ನಾನು ನಲವತ್ತೇಳು ತೆಗೆದುಕೊಂಡಿದ್ದೆ’ ಎಂದು ಶುರುಮಾಡಿ, ಪ್ರತಿ ವಾರ ಎಲ್ಲಿ ಕೂರುತ್ತಿದ್ದೆ, ಯಾರು ಹೇಳಿಕೊಟ್ಟರು ಎಂದು ಹೇಳಿದ. ಅವನು ಆ ವರ್ಷ ಮೆಡಿಕಲ್ಲಿಗೆ ಅರ್ಜಿ ಹಾಕುವವನಿದ್ದ.

ದುಡ್ಡಿನ ಲೆಕ್ಕ ಅಪ್ಪ ರಾತ್ರಿ ಒಬ್ಬರೇ ಕೂತು ಮಾಡಿದರು. ವರ್ಷಕ್ಕೆ 80 ಸಾವಿರ ಡಾಲರೆಂದರೆ ಆಗಿನ ದರದಲ್ಲಿ 65 ಲಕ್ಷ ರೂಪಾಯಿ. ನಾಲ್ಕು ವರ್ಷಕ್ಕೆ ಎರಡೂವರೆ ಕೋಟಿ ದಾಟಿತು. ಇದು ಮೆಡಿಕಲ್ ಓದು ಶುರುವಾಗುವ ಮೊದಲು. ಅಲ್ಲಿ ಸಾಲ ಮಾಡಿ ಎಂ.ಡಿ. ಮುಗಿಸುವವರು ಎರಡು ಲಕ್ಷ ಡಾಲರಿನ ಆಸುಪಾಸಿನ ಸಾಲ ಹೊತ್ತು ಹೊರಬರುವುದು ಮಾಮೂಲಿ. ಅಷ್ಟು ಸಾಲ ಸರ್ಕಾರದಿಂದ ಸಿಗುತ್ತದೆಂಬ ಧೈರ್ಯವೂ ಕಡಿಮೆಯಾಗಿದೆ: 2025ರ ಜುಲೈಯಲ್ಲಿ ಅಂಗೀಕಾರವಾದ ಕಾನೂನು, 2026ರ ಜುಲೈ 1ರಿಂದ ಹೊಸದಾಗಿ ಸಾಲ ಎತ್ತುವ ಮೆಡಿಕಲ್ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಲವನ್ನು ವರ್ಷಕ್ಕೆ 50 ಸಾವಿರ, ಒಟ್ಟು ಎರಡು ಲಕ್ಷ ಡಾಲರಿಗೆ ಮಿತಿಗೊಳಿಸಿತು. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೀನ್ ಶಾಲೆಯಂತೆ 2024ರಲ್ಲಿ ರೂತ್ ಗಾಟ್ಸ್‌ಮನ್ ಎಂಬ ಮಹಾತಾಯಿ ನೂರು ಕೋಟಿ ಡಾಲರು ಕೊಟ್ಟು ಫೀಸನ್ನೇ ತೆಗೆಸಿದ ಕಡೆಗಳು ಬೆರಳೆಣಿಕೆಯಷ್ಟು. ಹಾಗಿರುವಾಗ ಕೈಯಲ್ಲಿರುವ ದುಡ್ಡನ್ನು ಮೊದಲ ನಾಲ್ಕು ವರ್ಷಕ್ಕೇ ಖಾಲಿ ಮಾಡುವುದು ಮದುವೆ ಊಟವನ್ನೆಲ್ಲ ನಿಶ್ಚಿತಾರ್ಥಕ್ಕೇ ಬಡಿಸಿದ ಹಾಗೆ.

ಟೆಕ್ಸಸ್ಸಿನ ಮಕ್ಕಳಿಗೆ ಒಂದು ಅನುಕೂಲವಿದೆ. ಅಲ್ಲಿನ ಸರ್ಕಾರಿ ಮೆಡಿಕಲ್ ಶಾಲೆಗಳ ಫೀಸು ದೇಶದಲ್ಲೇ ಕಡಿಮೆಯವುಗಳಲ್ಲಿ ಸೇರುತ್ತದೆ, ಮತ್ತು ಹೊರ ರಾಜ್ಯದವರಿಗೆ ಹತ್ತರಲ್ಲಿ ಒಂದು ಸೀಟಿಗಿಂತ ಹೆಚ್ಚು ಕೊಡಬಾರದೆಂಬ ಕಟ್ಟಳೆ ಇದೆ. ಕಾಲೇಜಿಗೆ ಹೊರ ರಾಜ್ಯಕ್ಕೆ ಹೋದರೆ ಇದು ಕೈತಪ್ಪುತ್ತದೆಂದು ಹಲವರು ಹೆದರುತ್ತಾರೆ. ಸಾಮಾನ್ಯವಾಗಿ ಹಾಗಿಲ್ಲ; ತಂದೆ ತಾಯಿಯ ಮನೆ ಟೆಕ್ಸಸ್ಸಿನಲ್ಲಿದ್ದು ಮಗು ಅವರ ಆಶ್ರಯದಲ್ಲಿದ್ದರೆ ಅದು ಟೆಕ್ಸಸ್ಸಿನದೇ.

ಆದರೆ ಈ ಮನೆಯ ನಿಜವಾದ ಚಿಂತೆ ಮೇಜಿನ ಮೇಲಿರಲಿಲ್ಲ, ಬೀರುವಿನಲ್ಲಿದ್ದ ಪಾಸ್‌ಪೋರ್ಟಿನಲ್ಲಿತ್ತು.

ಹುಡುಗಿ ಹುಟ್ಟಿದ್ದು 2005ರ ಜೂನ್, ದಾವಣಗೆರೆಯಲ್ಲಿ. ಅಮೆರಿಕದಲ್ಲಿರುವುದು ಅಪ್ಪನ ಕೆಲಸದ ವೀಸಾಕ್ಕೆ ಜೋಡಿಸಿದ ಎಚ್-4 ವೀಸಾದ ಮೇಲೆ. ಕಂಪನಿ 2015ರಲ್ಲಿ ಹಸಿರು ಕಾರ್ಡಿಗೆ ಅರ್ಜಿ ಹಾಕಿತು. ಹುಟ್ಟಿದ ದೇಶಕ್ಕೆ ಇಂತಿಷ್ಟೇ ಎಂಬ ಮಿತಿಯಿರುವುದರಿಂದ ಭಾರತೀಯರ ಸರದಿ ಆಮೆಯಂತೆ ತೆವಳುತ್ತದೆ. ಉನ್ನತ ಪದವೀಧರರ ಆ ಸಾಲು 2025ರ ಕೊನೆಯ ತಿಂಗಳುಗಳಲ್ಲೂ 2013ರ ಅರ್ಜಿಗಳಲ್ಲೇ ಇತ್ತು. ಎಚ್-4 ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಮುಗಿಯುತ್ತದೆ. ಆಮೇಲೆ ಈ ಹುಡುಗಿ, ಐದನೇ ವಯಸ್ಸಿನಿಂದ ಪ್ಲೇನೋದಲ್ಲೇ ಬೆಳೆದವಳು, ಕಾಗದದ ಮೇಲೆ ವಿದೇಶದಿಂದ ಓದಲು ಬಂದ ವಿದ್ಯಾರ್ಥಿನಿ. ಎಫ್-1. ಅಮೆರಿಕದ ಬಹುಪಾಲು ಮೆಡಿಕಲ್ ಶಾಲೆಗಳು ವಿದೇಶಿ ವಿದ್ಯಾರ್ಥಿಗಳ ಅರ್ಜಿಯನ್ನೇ ಓದುವುದಿಲ್ಲ. ಓದುವ ಕೆಲವು, ವರ್ಷಗಳ ಫೀಸನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ತೋರಿಸಬೇಕೆನ್ನುತ್ತವೆ. ಸರ್ಕಾರಿ ಸಾಲವಂತೂ ಎಚ್-4ಗೂ ಇಲ್ಲ, ಎಫ್-1ಗೂ ಇಲ್ಲ. ಹೈಸ್ಕೂಲಿನಿಂದಲೇ ಸೀಟು ಕಾದಿರಿಸುವ ಜೋಡಿ ಕೋರ್ಸುಗಳೂ ಇವೆ. ಕನ್ಸಾಸ್ ಸಿಟಿಯಲ್ಲಿ ಮಿಸೌರಿ ವಿಶ್ವವಿದ್ಯಾಲಯ 1971ರಿಂದ ಆರು ವರ್ಷದ ಕೋರ್ಸು ನಡೆಸುತ್ತಿದೆ. ಆದರೆ ಇಂಥ ಹಲವು ಕಡೆಯೂ ಮೊದಲ ಸಾಲಿನಲ್ಲೇ ಪೌರತ್ವ ಅಥವಾ ಹಸಿರು ಕಾರ್ಡು ಕೇಳುತ್ತಾರೆ.

ಈ ಮಾತನ್ನು ಅಪ್ಪ ಮಗಳ ಎದುರು ಅಲ್ಲಿಯ ತನಕ ಬಿಚ್ಚಿ ಆಡಿರಲಿಲ್ಲ. ಸರದಿ ಅಷ್ಟರಲ್ಲಿ ಬಂದುಬಿಡುತ್ತದೆ ಎಂದು ಪ್ರತಿ ವರ್ಷ ಅಂದುಕೊಂಡದ್ದೇ. ಆ ಭಾನುವಾರ ಮಧ್ಯಾಹ್ನ ಮೊದಲ ಬಾರಿಗೆ ಹೇಳಿದರು. ಹುಡುಗಿ ಅಳಲಿಲ್ಲ. ‘ನನಗೆ ಗೊತ್ತು. ಹತ್ತನೇ ತರಗತಿಯಲ್ಲಿ ಗೆಳತಿಯ ಅಕ್ಕನಿಗೆ ಹೀಗೇ ಆಯಿತು’ ಎಂದಳು. ಎರಡು ವರ್ಷದಿಂದ ಅವಳೂ ಅಪ್ಪನಿಗೆ ನೋವಾಗುತ್ತದೆಂದು ಹೇಳದೆ ಇಟ್ಟುಕೊಂಡಿದ್ದಳು.

ಆಮೇಲಿನ ಮಾತು ಸುಲಭವಾಯಿತು. ಅವಳಿಗೆ ಇತಿಹಾಸ ಇಷ್ಟ. ಇತಿಹಾಸದಲ್ಲಿ ಪದವಿ ಪಡೆದು ಮೆಡಿಕಲ್ಲಿಗೆ ಹೋಗಬೇಕೆಂಬ ಆಸೆಯಿತ್ತು. ಅದೊಂದು ಒಳ್ಳೆಯ ದಾರಿಯೇ. ಆದರೆ ಎಫ್-1 ಮೇಲೆ ಪದವಿ ಮುಗಿಸಿದವರಿಗೆ ಕೆಲಸ ಮಾಡಲು ಸಿಗುವ ಕಾಲ ಕಲಾ ವಿಷಯವಾದರೆ ಹನ್ನೆರಡು ತಿಂಗಳು, ವಿಜ್ಞಾನವಾದರೆ ಇನ್ನೂ ಇಪ್ಪತ್ನಾಲ್ಕು ತಿಂಗಳು ಹೆಚ್ಚು. ಮೆಡಿಕಲ್ಲಿಗೆ ಒಂದೆರಡು ವರ್ಷ ಕಾಯಬೇಕಾಗಿ ಬಂದರೆ ಆ ತಿಂಗಳುಗಳೇ ನೆಲ. ಅಲ್ಲಿ ಮೆಡಿಕಲ್ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಒಂದು ವರ್ಷವಾದರೂ ಬಿಟ್ಟೇ ಸೇರುತ್ತಾರೆ. ಹಸಿರು ಕಾರ್ಡಿರುವ ಗೆಳತಿ ಇತಿಹಾಸ ಓದಬಹುದು, ಇವಳು ಬಯೋಕೆಮಿಸ್ಟ್ರಿ ಓದಬೇಕು. ಇದರಲ್ಲಿ ನ್ಯಾಯ ಹುಡುಕಿ ಪ್ರಯೋಜನವಿಲ್ಲ. ಮೈನರ್ ಎಂದು ಇತಿಹಾಸ ಇಟ್ಟುಕೊಳ್ಳುವುದಾಗಿ ಹೇಳಿದಳು.

ಮನೆ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಏಪ್ರಿಲ್ 30ರ ರಾತ್ರಿ ಹೂಂ ಎಂದರು. ಉಳಿದ ದುಡ್ಡು ಉಳಿದೇ ಇರಲಿ, ಎಫ್-1 ತೆಗೆದುಕೊಳ್ಳುವ ಯಾವುದಾದರೂ ಶಾಲೆ ಬ್ಯಾಂಕಿನ ಲೆಕ್ಕ ಕೇಳಿದರೆ ತೋರಿಸಲು ಬೇಕಾಗುತ್ತದೆ ಎಂದು ಅಪ್ಪ ಹೇಳಿದರು. ದೊಡ್ಡ ವಿಶ್ವವಿದ್ಯಾಲಯಕ್ಕೆ ಒಲ್ಲೆ ಎಂದು ಬರೆಯುವ ಕೆಲಸ ಮಗಳು ಅಪ್ಪನಿಗೇ ಬಿಟ್ಟಳು. ಅವರು ಆ ಗುಂಡಿ ಒತ್ತಲು ಬಹಳ ಹೊತ್ತು ತೆಗೆದುಕೊಂಡರು.

ಸುದ್ದಿ ದಾವಣಗೆರೆ ಮುಟ್ಟಿದ ಮೇಲೆ ಅತ್ತೆಯ ಫೋನು ಬಂತು. ಅವರ ಮಗ ಪಿಯುಸಿ ಎರಡನೇ ವರ್ಷ. ನೀಟಿನಲ್ಲಿ ಸಿಗದಿದ್ದರೆ ಅಮೆರಿಕಕ್ಕೆ ಕಳಿಸಿ ಅಲ್ಲೇ ಪದವಿ, ಅಲ್ಲೇ ಮೆಡಿಕಲ್ ಓದಿಸಬಹುದೇ ಎಂದು ಒಬ್ಬ ಏಜೆಂಟು ಹೇಳಿದ್ದಾನಂತೆ. ಅಮ್ಮ ಅರ್ಧ ಗಂಟೆ ಬಿಡಿಸಿ ಹೇಳಿದರು. ಪದವಿ ಓದಬಹುದು, ದುಡ್ಡಿದ್ದರೆ. ಆದರೆ ಅದು ಮೆಡಿಕಲ್ಲಿನ ಬಾಗಿಲಲ್ಲ. ಅಲ್ಲೇ ಬೆಳೆದ ತಮ್ಮ ಮಗಳಿಗೇ ಆ ಬಾಗಿಲು ಹೀಗಿದೆ. ಅಮೆರಿಕದಲ್ಲಿ ಕೆಲಸ ಮಾಡುವ ಡಾಕ್ಟರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಹೊರ ದೇಶದಲ್ಲಿ ಓದಿದವರು, ಅವರಲ್ಲಿ ಭಾರತದಲ್ಲಿ ಓದಿದವರೇ ದೊಡ್ಡ ಗುಂಪು. ಅವರು ಹೋದದ್ದು ಇಲ್ಲಿ ಎಂಬಿಬಿಎಸ್ ಮುಗಿಸಿ, ಅಲ್ಲಿನ ಪರೀಕ್ಷೆ ಬರೆದು, ರೆಸಿಡೆನ್ಸಿಗೆ. ಅತ್ತೆಗೆ ಪೂರ್ತಿ ಸಮಾಧಾನವಾಗಲಿಲ್ಲ. ಏಜೆಂಟು ಹೆಚ್ಚು ಚೆನ್ನಾಗಿ ಮಾತಾಡಿದ್ದ.

ಆ ಆಗಸ್ಟಿನಲ್ಲಿ ಹುಡುಗಿ ಹಾಸ್ಟೆಲು ಸೇರಿದಳು. ಮೊದಲ ರಸಾಯನಶಾಸ್ತ್ರ ಪರೀಕ್ಷೆಯಲ್ಲಿ ಐವತ್ತೆಂಟು ಬಂತು. ಮನೆಗೆ ಹೇಳಲಿಲ್ಲ. ದಾರಿ ತೋರಿಸಿದ್ದ ಹುಡುಗ ಹೇಳಿದ್ದ ಕೋಣೆಯನ್ನು ಹುಡುಕಿಕೊಂಡು ಹೋದಳು. ವರ್ಷದ ಕೊನೆಗೆ ‘ಎ’ ಅಲ್ಲ, ‘ಎ ಮೈನಸ್’. ಎರಡನೇ ವರ್ಷದ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಒಂದು ‘ಬಿ ಪ್ಲಸ್’ ಉಳಿದುಹೋಯಿತು. ಶನಿವಾರಗಳಲ್ಲಿ ಡಲ್ಲಾಸಿನ ಒಂದು ಉಚಿತ ಚಿಕಿತ್ಸಾಲಯದಲ್ಲಿ ರೋಗಿಗಳ ಬಿ.ಪಿ. ಬರೆದುಕೊಳ್ಳುವ ಕೆಲಸ. ಅಲ್ಲಿಗೆ ಬರುವ ಭಾರತದ ಮುದುಕರು, ಮಕ್ಕಳ ಮನೆಗೆಂದು ಬಂದು ಮಾತ್ರೆ ಮುಗಿಸಿಕೊಂಡವರು, ಇವಳನ್ನು ಕಂಡರೆ ಹಿಂದಿಯಲ್ಲೋ ತೆಲುಗಿನಲ್ಲೋ ಶುರುಮಾಡುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಕನ್ನಡದಲ್ಲಿ, ‘ಸಕ್ಕರೆ ಎಷ್ಟದೆ ನೋಡವ್ವಾ’ ಎಂದಾಗ ಅರ್ಧ ದಿನ ಅವರ ಜೊತೆಯಲ್ಲೇ ಕಳೆದಳಂತೆ.

2025ರ ದೀಪಾವಳಿಗೆ ಮನೆಗೆ ಬಂದವಳು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನ ಪಕ್ಕದಲ್ಲಿ ಮುಂದಿನ ವರ್ಷದ್ದನ್ನೂ ಅಂಟಿಸಿದಳು. ಏಪ್ರಿಲಿನಲ್ಲಿ ಎಂಕ್ಯಾಟ್ ದಿನಕ್ಕೆ ಒಂದು ನೀಲಿ ಸುತ್ತು. ಜೂನಿನಲ್ಲಿ ಇಪ್ಪತ್ತೊಂದನೇ ಹುಟ್ಟುಹಬ್ಬಕ್ಕೆ ಕೆಂಪು ಸುತ್ತು. ಎಫ್-1 ಅರ್ಜಿಯ ಕಾಗದಗಳನ್ನು ಅಪ್ಪ ಆಗಲೇ ಒಂದು ಫೈಲಿನಲ್ಲಿ ಜೋಡಿಸಿದ್ದರು. ವಿದೇಶಿ ವಿದ್ಯಾರ್ಥಿಗಳ ಅರ್ಜಿ ಓದುವ ಮೆಡಿಕಲ್ ಶಾಲೆಗಳ ಪಟ್ಟಿ ಅಮ್ಮನ ಹಳೆಯ ನೋಟುಬುಕ್ಕಿನ ಕೊನೆಯ ಪುಟಗಳಲ್ಲಿತ್ತು. ಕೆಲವಕ್ಕೆ ಗೀಟು ಬಿದ್ದಿತ್ತು, ಕೆಲವಕ್ಕೆ ಸರಿ ಗುರುತು.

ಅಷ್ಟರಲ್ಲಿ ಫೋನು ಬಂತು. ಅಜ್ಜ ಪಟಾಕಿಯ ಸದ್ದಿನ ನಡುವೆ ಗಟ್ಟಿಯಾಗಿ ಕೇಳಿದರು: ‘ಈಗ ಎಷ್ಟನೇ ವರ್ಷನವ್ವಾ?’

‘ಮೂರನೇದು ಅಜ್ಜ.’

‘ಡಾಕ್ಟರದ್ದಾ?’

‘ಅಲ್ಲ ಅಜ್ಜ. ಅದರ ಮುಂಚಿನದು.’

‘ಆತು ಬಿಡು. ಊಟ ಮಾಡಿದ್ಯಾ?’ ಎಂದರು ಅಜ್ಜ.